ಒಂದು ಪರಾತದಷ್ಟು ಬಿಸಿಲು

ನಮ್ಮ ಊರಿನ ಶಾಲೆಗೆ ಬುಧವಾರವೂ ರಜೆ. ಬೇರೆ ಊರಿನವರು ಕೇಳಿ ನಗುತ್ತಾರೆ, ನಗಲಿ. ಬುಧವಾರ ಶಾಲೆಯ ಓಣಿಗೆ ಬಿಸಿಲು ಬರುವ ದಿನ. ಕಿಟಕಿಯ ಹೊರಗೆ ವಾರಕ್ಕೊಮ್ಮೆ ಬರುವ ಬಿಸಿಲು ಬಿದ್ದುಕೊಂಡಿರುವಾಗ ಮಕ್ಕಳನ್ನು ಒಳಗೆ ಕೂರಿಸಿ ಮಗ್ಗಿ ಹೇಳಿಸುವುದು ಯಾವ ಮಾಸ್ತರರಿಂದಲೂ ಆಗದ ಕೆಲಸ. ಹಿಂದೊಬ್ಬರು ಪ್ರಯತ್ನಿಸಿ, ಹನ್ನೊಂದರ ಮಗ್ಗಿಯಲ್ಲಿ ತಾವೇ ತಪ್ಪಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರಂತೆ.

ನಮ್ಮಲ್ಲಿ ಏಳು ಓಣಿ. ಸೋಮವಾರ ಮೊದಲನೆಯದಕ್ಕೆ ಬಿಸಿಲು, ಮಂಗಳವಾರ ಎರಡನೆಯದಕ್ಕೆ, ಹೀಗೆ ರವಿವಾರ ಏಳನೆಯದಕ್ಕೆ. ಓಣಿಗಳ ಹೆಸರೂ ಅವೇ. ಉಳಿದ ಆರು ದಿನ ಓಣಿಯಲ್ಲಿ ಬೆಳಕಿರುತ್ತದೆ, ಬಿಸಿಲು ಇರುವುದಿಲ್ಲ. ನಮಗೆ ಅದು ರೂಢಿ. ಹಪ್ಪಳ ಒಣಗಿಸಬೇಕಾದವರು ಅಂದಿನ ಓಣಿಯ ನೆಂಟರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಬಿಸಿಲು ಬಂದ ದಿನ ಕಟ್ಟೆಯ ಅರ್ಧ ಭಾಗವನ್ನು ಬೇರೆ ಓಣಿಯ ನೆಂಟರಿಗೆ ಬಿಡುವುದು ಪದ್ಧತಿ. ಬಿಸಿಲು ಕೇಳಬಾರದು, ಕೊಟ್ಟರೆ ಬೇಡ ಅನ್ನಬಾರದು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ.

ಇನ್ನೊಂದು ಪದ್ಧತಿಯಿದೆ, ಈ ಕಥೆ ನಿಂತಿರುವುದು ಅದರ ಮೇಲೆ. ಕೂಸು ಮೊದಲ ಹೆಜ್ಜೆಯನ್ನು ತನ್ನ ಓಣಿಯ ಬಿಸಿಲಿನಲ್ಲೇ ಇಡಬೇಕು. ಇಟ್ಟ ದಿನ ಮನೆಯ ಹಿರಿಯಳು ಅದಕ್ಕೊಂದು ಹೊಸ ರವಿಕೆಯ ಖಣ ಹೊದಿಸಿ ಸಕ್ಕರೆ ಹಂಚುತ್ತಾಳೆ. ಅಪ್ಪಿತಪ್ಪಿ ಬೇರೆ ಓಣಿಯ ಬಿಸಿಲಿನಲ್ಲಿ ಹೆಜ್ಜೆ ಇಟ್ಟರೆ ಕೂಸು ಆ ಓಣಿಯದಾಗುತ್ತದೆ. ಊಟ ಅಪ್ಪನ ಮನೆಯಲ್ಲೇ ಮಾಡಿದರೂ ಸಾಯುವ ತನಕ ಅದು ಆ ಓಣಿಯ ಕೂಸೇ. ಹಾಗಾಗಿ ಇವತ್ತೋ ನಾಳೆಯೋ ನಡೆಯುವಂತಿರುವ ಕೂಸುಗಳನ್ನು ತಾಯಂದಿರು ತಮ್ಮ ಓಣಿಯ ವಾರ ಬರುವವರೆಗೆ ಕೆಳಗೆ ಬಿಡುವುದಿಲ್ಲ. ನಾನು ಹನ್ನೊಂದು ತಿಂಗಳಿಗೇ ಎದ್ದು ನಿಂತವಳಂತೆ, ಅದೂ ಗುರುವಾರ. ನಮ್ಮದು ರವಿವಾರದ ಓಣಿ. ಅವ್ವ ಮೂರು ದಿನ ನನ್ನನ್ನು ಸೊಂಟದಿಂದ ಇಳಿಸಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುವುದು ಆ ಮೂರು ದಿನದಿಂದ ಎಂದು ಅವಳು ಇಂದಿಗೂ ಹೇಳುತ್ತಾಳೆ.

ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದರ ವಾರ ಬರೆದಿರುತ್ತದೆ. ನಾನು ಕಲಿಸುವ ಆರನೆಯ ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತೈದು ಮಕ್ಕಳಿಗೆ ವಾರವಿತ್ತು. ಫಕ್ಕೀರವ್ವನ ಹೆಸರಿನ ಮುಂದೆ ಒಂದು ಸಣ್ಣ ಅಡ್ಡಗೆರೆ. ಅವಳದು ರವಿವಾರದ ಓಣಿಯ ಹಿಂದಿರುವ ಸಂದಿ. ಬಹಳ ಹಿಂದೆ ಶಾಲೆ ಕಟ್ಟಲೆಂದು ಕಲ್ಲುಕೆಲಸದವರು ಬಂದಿದ್ದರು. ಶಾಲೆ ಮುಗಿದ ಮೇಲೆ ಅವರು ಅಲ್ಲೇ ಹತ್ತು ಮನೆ ಹಾಕಿಕೊಂಡು ಉಳಿದರು. ಊರು ಅವರಿಗೆ ಜಾಗ ಕೊಟ್ಟಿತು, ನೀರು ಕೊಟ್ಟಿತು. ಬಿಸಿಲಿನ ವಾರ ಮಾತ್ರ ಏಳೇ ಇದ್ದವು, ಏಳೂ ಹಂಚಿಹೋಗಿದ್ದವು. ಆ ಸಂದಿಯ ಕೂಸುಗಳು ಯಾವಾಗ ಬೇಕಾದರೂ ನಡೆಯುತ್ತವೆ, ಯಾರೂ ನೋಡುವುದಿಲ್ಲ. ಆ ಗೆರೆ ಎಳೆದವಳು ನಾನೇ. ಪ್ರತಿ ವರ್ಷ ಯೋಚಿಸದೆ ಎಳೆಯುತ್ತಿದ್ದೆ.

ಆ ವರ್ಷ ಶಾಲೆಗೆ ಒಂದು ಪೆಟ್ಟಿಗೆ ಬಂತು. ಒಳಗೆ ಅಂಗೈಯಗಲದ ಸೋಲಾರ್ ಫಲಕಗಳು, ಹೆಬ್ಬೆರಳಿನಷ್ಟು ಮೋಟಾರುಗಳು, ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು, ತಂತಿ. ಬಿಸಿಲಿನಿಂದ ನಡೆಯುವ ಗೊಂಬೆಗಳನ್ನು ಮಕ್ಕಳ ಕೈಯಿಂದ ಮಾಡಿಸಿ ವಿಜ್ಞಾನ ಕಲಿಸಿರಿ ಎಂದು ಒಂದು ಕಾಗದ. ಬ್ಯಾಟರಿ ಇಲ್ಲ. ಕಳಿಸಿದವರಿಗೆ ನಮ್ಮ ಊರು ಗೊತ್ತಿರಲಿಲ್ಲ ಎಂಬುದು ಸ್ಪಷ್ಟ.

ನನಗಂತೂ ಹಬ್ಬವಾಯಿತು. ಹದಿನೆಂಟು ವರ್ಷ ಬರೀ ಬಾಯಲ್ಲಿ ವಿಜ್ಞಾನ ಹೇಳಿದವಳು ನಾನು. ಮೈ ಮತ್ತು ಕಾಲು ನೀವೇ ಹುಡುಕಿರಿ ಎಂದೆ. ಹುಡುಗರು ಮುರಿದ ಕೊಡೆಯ ಕಡ್ಡಿ, ಸೈಕಲ್ ಚಕ್ರದ ಕಡ್ಡಿ, ತೆಂಗಿನ ಕರಟ, ಒಬ್ಬನಂತೂ ಅಜ್ಜನ ಕನ್ನಡಕದ ಡಬ್ಬಿ ತಂದ. ಅಜ್ಜ ಮರುದಿನ ಹುಡುಕಿಕೊಂಡು ಬಂದರು. ಆರು ಕಾಲು, ಒಂದು ಮೋಟಾರು, ಬೆನ್ನಿನ ಮೇಲೆ ಫಲಕ. ಮಕ್ಕಳು ಫಲಕವನ್ನು ಬಿಸಿಲುಪಾಟಿ ಎಂದು ಕರೆದರು. ಕಪ್ಪಗೆ ಚೌಕವಾಗಿರುವುದೆಲ್ಲ ಅವರಿಗೆ ಬರೆಯುವ ಪಾಟಿಯೇ.

ಫಕ್ಕೀರವ್ವ ಅಪ್ಪನ ತಂಬಾಕಿನ ಡಬ್ಬಿ ತಂದಿದ್ದಳು. ಅವಳ ಅಪ್ಪ ಹುಲುಗಪ್ಪ ಮನೆಮನೆಗೆ ಹೋಗಿ ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಮುಳ್ಳು ಹಾಕಿ ಒರಟು ಮಾಡುವವನು. ಮಗಳಿಗೂ ಅದೇ ಕೈ, ಅದೇ ಕಣ್ಣು. ಉಳಿದವರು ಗೋಂದು ಮೆತ್ತಿ ಮೆತ್ತಿ ಕೂರಿಸುತ್ತಿದ್ದ ಕಾಲನ್ನು ಅವಳು ಅಳತೆ ನೋಡಿ ತೂತು ಕೊರೆದು ಸ್ಕ್ರೂ ಹಾಕಿ ಕೂರಿಸಿದಳು. ಹೆಚ್ಚು ಮಾತಾಡದ ಹುಡುಗಿ. ಎಲ್ಲರೂ ಗೊಂಬೆಗೆ ಹೆಸರಿಟ್ಟಾಗ ಅವಳದರ ಹೆಸರು ಕೇಳಿದೆ.

"ಕಾಕಾ ಅಂತ್ರಿ," ಎಂದಳು.

"ಇದೇನ ಹೆಸರು?"

"ಎಲ್ಲಾರಿಗೂ ಒಂದೊಂದು ಓಣ್ಯಾಗ ಒಬ್ಬೊಬ್ಬ ಕಾಕಾ ಅದಾನ್ರಿ. ನಮಗ ಯಾರೂ ಇಲ್ಲ. ಅದಕ್ಕ."

ತರಗತಿ ನಕ್ಕಿತು. ನಾನೂ ನಕ್ಕೆ. ಅವಳೂ ನಕ್ಕಳು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಗೊಂಬೆಗಳು ಸಿದ್ಧವಾದವು, ನಡೆಸಬೇಕಲ್ಲ. ಹೆಡ್‌ಮಾಸ್ತರ ವೆಂಕೋಬರಾಯರ ಹತ್ತಿರ ಹೋಗಿ ಬುಧವಾರ ಒಂದೇ ಒಂದು ತಾಸು ಶಾಲೆ ತೆರೆಯಬೇಕು ಎಂದೆ. ಅವರು ಮೇಜಿನ ಮೇಲಿನ ಧೂಳು ಒರೆಸುತ್ತ, "ಅಂಬಕ್ಕ, ನೀವು ಬ್ಯಾಡ ಅಂದ್ರ ಕೇಳೋರಲ್ಲ. ನಾನು ಮಾತ್ರ ಕಟ್ಟಿ ಮ್ಯಾಲ ಇರ್ತೀನಿ," ಎಂದು ಒಪ್ಪಿದರು.

ಬುಧವಾರ ಹತ್ತು ಗಂಟೆಗೆ ಶಾಲೆಯಂಗಳ ತುಂಬ ಬಿಸಿಲು. ಇಪ್ಪತ್ತಾರು ಮಕ್ಕಳು ಸಾಲಾಗಿ ಕೂತರು. ಮುಂದೆ ಇಪ್ಪತ್ತಾರು ಗೊಂಬೆಗಳು. ನಾನು ಸೀಟಿ ಊದಿದೆ. ಒಂದೂ ಅಲುಗಾಡಲಿಲ್ಲ. ಬಗ್ಗಿ ನೋಡಿದೆ. ಇಪ್ಪತ್ತಾರು ಮಕ್ಕಳೂ ಬಿಸಿಲುಪಾಟಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದರು.

"ಕೈ ತಗೀರಿ," ಎಂದೆ. ಬುಧವಾರದ ಓಣಿಯವರೇ ಆದ ಮೂವರು ಮಾತ್ರ ತೆಗೆದರು. ಅವರ ಗೊಂಬೆಗಳು ಗುಂಯ್ ಎಂದು ಹೊರಟವು. ಉಳಿದವರು ಕೈಯನ್ನು ಇನ್ನೂ ಬಿಗಿಯಾಗಿ ಒತ್ತಿದರು.

"ಇಮಾಂಹುಸೇನ, ನಿಂಗೇನಾಗೇತಿ?"

"ನಮ್ದು ಮಂಗಳವಾರದ ಓಣಿ ಅಲ್ರಿ ಅಕ್ಕೋರ. ಇಲ್ಲಿ ನಡದ್ರ ಇದು ಬುಧವಾರದವರದಾಗತೈತಿ. ಬರೋ ಮಂಗಳವಾರ ನಡಸ್ತೀನ್ರಿ, ನಮ್ಮಜ್ಜಿ ಖಣಾನೂ ತಗದಿಟ್ಟಾಳ."

ಕೂಸಿಗಿದ್ದ ಪದ್ಧತಿಯನ್ನು ಮಕ್ಕಳು ಗೊಂಬೆಗೂ ಹಚ್ಚಿದ್ದರು. ಈಗ ನೆನೆದರೆ ಪ್ರೀತಿ ಉಕ್ಕುತ್ತದೆ. ಕೈಯಿಟ್ಟರೆ ನಿಲ್ಲುತ್ತದೆ, ತೆಗೆದರೆ ನಡೆಯುತ್ತದೆ ಎಂಬುದನ್ನು ನಾನು ಹೇಳಿಕೊಡದೆ ತಾವೇ ಕಂಡುಕೊಂಡಿದ್ದರು. ಆದರೆ ಆಗ ನನಗೆ ಕಂಡದ್ದು ನನ್ನ ಒಂದು ತಾಸು ನೀರಿನಲ್ಲಿ ಹೋಮ ಮಾಡಿದಂತಾದದ್ದು ಮಾತ್ರ. ಇದು ತಗಡು, ಇದು ತಂತಿ, ಇದಕ್ಕೆ ಓಣಿ ಎಲ್ಲಿಯದು ಎಂದು ಕೂಗಾಡಿದೆ. ಸಾಲಿನ ಕೊನೆಗೆ ಫಕ್ಕೀರವ್ವ ಕೂತಿದ್ದಳು. ಅವಳ ಅಂಗೈ ಉಳಿದವರಿಗಿಂತ ಗಟ್ಟಿಯಾಗಿ ಕಾಕಾನ ಮೇಲಿತ್ತು.

"ಅವರಿಗರೆ ಓಣಿ ಅದಾವು. ನಿಂದು ಯಾವ ಓಣಿ ಅಂತ ಕಾಯ್ತಿ?" ಎಂದು ನಾನು ಅವಳ ಕೈ ಹಿಡಿದು ಎಳೆದೆ.

ಕಾಕಾ ನಡೆಯಿತು. ಎಲ್ಲ ಗೊಂಬೆಗಳಿಗಿಂತ ಚೆನ್ನಾಗಿ, ನೆಟ್ಟಗೆ, ಐದು ಹೆಜ್ಜೆ ಹೋಯಿತು. ಆಮೇಲೆ ಬುಧವಾರದ ಓಣಿಯ ಒಬ್ಬ ಹುಡುಗ ಮೆತ್ತಗೆ, ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನು ಹೇಳುವ ಹಾಗೆ, "ಇನ್ನ ಅದು ನಮ್ಮ ಓಣಿದು," ಎಂದ. ಫಕ್ಕೀರವ್ವ ಎದ್ದಳು. ಗೊಂಬೆಯನ್ನು ಎತ್ತಿ ತಂದು ನನ್ನ ಕೈಯಲ್ಲಿಟ್ಟಳು. ಲಂಗಕ್ಕೆ ಕೈ ಒರೆಸಿಕೊಂಡು ಮನೆಗೆ ಹೋದಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮನೆಯಲ್ಲಿ ಅವ್ವನಿಗೆ ನಡೆದದ್ದನ್ನು ಹೇಳಿದೆ. ನನ್ನದೇನು ತಪ್ಪು ಎಂಬ ಧಾಟಿಯಲ್ಲೇ ಹೇಳಿದೆ. ಅವ್ವ ಚೆನ್ನಬಸವ್ವನಿಗೆ ಎಪ್ಪತ್ತೆರಡು ವರ್ಷ, ಮೊಳಕಾಲು ಹಿಡಿದಿವೆ, ಬಾಯಿ ಹಿಡಿದಿಲ್ಲ. ರವಿವಾರದ ಓಣಿಯೆಂದರೆ ಊರಿಗೇ ದೊಡ್ಡದು ಎಂದು ನಂಬಿದವಳು. ಅವಳು ಕೇಳಿಸಿಕೊಂಡು, "ಕೂಸಿನ ಕೈ ಹಿಡದು ಎಳದ್ಯಾ?" ಎಂದಳು. ಅಷ್ಟೇ. ಆ ರಾತ್ರಿ ನನಗೆ ರೊಟ್ಟಿ ತಾನಾಗಿ ಬಡಿಸಲಿಲ್ಲ, ಬುಟ್ಟಿಯನ್ನು ಮುಂದೆ ಸರಿಸಿದಳು.

ಗುರುವಾರ ಗುರುವಾರದವರ ಗೊಂಬೆಗಳು ನಡೆದವು, ಶುಕ್ರವಾರ ಶುಕ್ರವಾರದವರವು, ಶನಿವಾರ ಶನಿವಾರದವರವು. ಪ್ರತಿ ಕಟ್ಟೆಗೂ ನನ್ನನ್ನು ಕರೆದರು. ಅಜ್ಜಿಯಂದಿರು ತಗಡಿನ ಹುಳಗಳಿಗೆ ಅಂಗೈಯಗಲದ ಖಣ ಹೊದಿಸಿ, ಆ ಖಣ ಬಿಸಿಲುಪಾಟಿಯನ್ನು ಮುಚ್ಚಿ ಗೊಂಬೆ ನಿಂತುಹೋಗಿ, ಮಕ್ಕಳು ಕೂಗಾಡಿ ಖಣ ತೆಗೆಸಿ, ಮತ್ತೆ ನಡೆಸಿದರು. ಒಬ್ಬಳು ಅರ್ಧ ಖಣ ಸರಿಸಿ, "ಅಕ್ಕೋರ, ಅರ್ಧ ಮುಚ್ಚಿದ್ರ ಅರ್ಧ ಜೀವದಾಗ ನಡಿತೈತ್ರಿ," ಎಂದು ತೋರಿಸಿದಳು. ಹದಿನೆಂಟು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಯಾವ ಪಾಠವನ್ನೂ ಮಾಡಿರಲಿಲ್ಲ. ಎಲ್ಲೆಡೆ ಸಕ್ಕರೆ ಕೊಟ್ಟರು, ತಿಂದೆ. ನನ್ನ ಚೀಲದಲ್ಲಿ ಕಾಕಾ ಇತ್ತು. ಅದನ್ನು ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ.

ರವಿವಾರ ಮಧ್ಯಾಹ್ನ ನಮ್ಮ ಓಣಿಯ ಗೊಂಬೆಗಳು ನಡೆದು ಮುಗಿದ ಮೇಲೆ ಹಿಂದಿನ ಸಂದಿಗೆ ಹೋದೆ. ನಮ್ಮ ಹಿತ್ತಲ ಗೋಡೆ ದಾಟಿದರೆ ಅದೇ ಸಂದಿ. ಹುಟ್ಟಿದಾಗಿನಿಂದ ಆ ಗೋಡೆಯ ಈಚೆ ಇದ್ದವಳು, ಆಚೆ ಕಾಲಿಟ್ಟದ್ದು ಅಂದೇ ಮೊದಲು. ನೆಲ ತಂಪಾಗಿತ್ತು. ಹುಲುಗಪ್ಪ ಬಾಗಿಲಲ್ಲಿ ಕೂತು ಬೀಸುವ ಕಲ್ಲಿಗೆ ಉಳಿ ಹಿಡಿದಿದ್ದ. ನನ್ನನ್ನು ನೋಡಿ ಗೋಣಿ ಹಾಸಿದ. ಸಿಟ್ಟಿದ್ದರೂ ತೋರಿಸಲಿಲ್ಲ. ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

ಫಕ್ಕೀರವ್ವ ಒಳಗಿಂದ ಬಂದಳು. ನಾನು ಕಾಕಾನನ್ನು ಅವಳ ಮುಂದಿಟ್ಟು, "ತಪ್ಪಾತು. ನಾ ಹಂಗ ಎಳೀಬಾರದಿತ್ತು," ಎಂದೆ. ಮಕ್ಕಳ ಮುಂದೆ ತಪ್ಪಾಯಿತು ಎಂದು ನಾನು ಹಿಂದೆಂದೂ ಹೇಳಿದವಳಲ್ಲ.

ಅವಳು ಗೊಂಬೆಯನ್ನು ತಿರುಗಿಸಿ ನೋಡಿದಳು. ಅಪ್ಪನ ಸಾಮಾನಿನಿಂದ ಸಣ್ಣ ತಿರುಪುಳಿ ತಂದು ಸ್ಕ್ರೂ ಬಿಚ್ಚತೊಡಗಿದಳು. ಕಾಲು ಆರು, ಚಕ್ರ ಮೂರು, ಮೋಟಾರು, ತಂತಿ, ಪಾಟಿ, ಡಬ್ಬಿ. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟಳು. ಸಿಟ್ಟಿನಿಂದ ಒಡೆಯುತ್ತಿದ್ದಾಳೆ ಎಂದುಕೊಂಡೆ. ಕೊನೆಯ ಸ್ಕ್ರೂ ಇಟ್ಟು ಅವಳು ಕೇಳಿದಳು:

"ಈಗ ಇದರಾಗ ನಡದದ್ದು ಯಾವುದ್ರಿ ಅಕ್ಕೋರ?"

ನೋಡಿದೆ. ಕಾಲುಗಳಿದ್ದವು, ನಡೆದದ್ದು ಯಾವುದೂ ಇರಲಿಲ್ಲ. "ಯಾವುದೂ ಅಲ್ಲ," ಎಂದೆ.

"ಹೊಸದಾಗಿ ಕಟ್ಟಿದ್ರ ಹೊಸಾದಲ್ರಿ?"

"ಹೊಸಾದು," ಎಂದೆ. ಹುಲುಗಪ್ಪನ ಉಳಿ ನಿಂತಿತ್ತು. ಅವನು ಮೀಸೆಯಲ್ಲೇ ನಗುತ್ತಿದ್ದ. ಅವಳು ಮತ್ತೆ ಕೂಡಿಸತೊಡಗಿದಳು. ಆದರೆ ಇದು ಅರ್ಧ ದಾರಿಯಷ್ಟೇ. ಹೊಸ ಕಾಕಾ ಎಲ್ಲಿ ನಡೆಯಬೇಕು? ನನ್ನ ಪ್ರಶ್ನೆ ಅವಳಿಗೆ ತಿಳಿಯಿತೋ ಏನೋ.

"ನಮ್ಮ ಸಂದ್ಯಾಗೂ ಬಿಸಿಲು ಬರ್ತೈತ್ರಿ. ರವಿವಾರಕ್ಕೊಮ್ಮೆ. ಸ್ವಲ್ಪ," ಎಂದಳು.

"ಎಲ್ಲಿ?"

ಅವಳು ಎದುರಿನ ಗೋಡೆ ತೋರಿಸಿದಳು. ಮಣ್ಣಿನ ಗೋಡೆಯ ಮೇಲೆ, ಆಳೆತ್ತರದಲ್ಲಿ, ಒಂದು ದುಂಡನೆಯ ಹಳದಿ ಬೆಳಕು ಅಲ್ಲಾಡುತ್ತಿತ್ತು. ನಾನು ತಿರುಗಿ ನೋಡಿದೆ. ಹಿಂದೆ ನಮ್ಮದೇ ಮನೆಯ ಮಾಳಿಗೆ. ಅಲ್ಲಿ ಮಾಳಿಗೆಯ ಅಂಚಿನ ಗೋಡೆಗೆ ಓರೆಯಾಗಿ ನಿಲ್ಲಿಸಿದ್ದ ಅವ್ವನ ಪರಾತ, ಅಗಲವಾದ ಹಿತ್ತಾಳೆ ತಟ್ಟೆ. ಪ್ರತಿ ರವಿವಾರ ಅವ್ವ ಅದರ ತುಂಬ ಸಂಡಿಗೆ ಒಣಗಿಸುತ್ತಾಳೆ. ಮಧ್ಯಾಹ್ನ ಸಂಡಿಗೆಯನ್ನು ಡಬ್ಬಿಗೆ ತುಂಬಿಸಿ, ಪರಾತ ತೊಳೆಸಿ, ನೀರು ಬಸಿಯಲೆಂದು ಹಾಗೆ ನಿಲ್ಲಿಸಲು ಹೇಳುತ್ತಾಳೆ. ಗಾಳಿಗೆ ಪರಾತ ಅಲ್ಲಾಡಿದಾಗ ಗೋಡೆಯ ಮೇಲಿನ ಬೆಳಕೂ ಅಲ್ಲಾಡಿತು.

ಬೆಳಕು ತಟ್ಟೆಗೆ ಬಡಿದು ತಿರುಗುತ್ತದೆ ಎಂದು ಹದಿನೆಂಟು ವರ್ಷ ಹಲಗೆಯ ಮೇಲೆ ಬಾಣ ಬರೆದು ತೋರಿಸಿದವಳು ನಾನು. ನಮ್ಮ ಮನೆಯ ಪರಾತದ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ನೋಡದೆಯೇ ಪುಸ್ತಕದಲ್ಲಿ ಗೆರೆ ಎಳೆದಿದ್ದೆ. ಬಹಳ ನಾಚಿಕೆಯಾಯಿತು.

"ಸಣ್ಣಾಕಿ ಇದ್ದಾಗ ಅದರ ಹಿಂದ ಓಡ್ತಿದ್ಳು," ಎಂದ ಹುಲುಗಪ್ಪ. "ಗ್ವಾಡಿ ಮ್ಯಾಲ ಇರ್ತಿತ್ತಲ್ರಿ, ಕಾಲಿಗೆ ಸಿಗತಿದ್ದಿಲ್ಲ."

ಕಾಲಿಗೆ ಸಿಗಬೇಕಾದರೆ ಮೇಲೆ ಯಾರಾದರೂ ಪರಾತ ಹಿಡಿದು ನೆಲದ ಕಡೆಗೆ ಬಾಗಿಸಬೇಕು. ಬಿಸಿಲು ಕೇಳಬಾರದು. ಫಕ್ಕೀರವ್ವ ಕೇಳುವಂತಿಲ್ಲ, ಹುಲುಗಪ್ಪ ಕೇಳುವಂತಿಲ್ಲ, ಅವರ ಪರವಾಗಿ ನಾನೂ ಕೇಳುವಂತಿಲ್ಲ. ಕೇಳಿ ಪಡೆದ ಬಿಸಿಲಿಗೆ ನಮ್ಮಲ್ಲಿ ಬೆಲೆಯಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಅವ್ವನಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಗೋಡೆ, ಬೆಳಕು, ಅದರ ಹಿಂದೆ ಓಡುತ್ತಿದ್ದ ಹುಡುಗಿ. ಕಂಡದ್ದು ಹೇಳಿದರೆ ಬಿಸಿಲು ಕೇಳಿದ ಹಾಗಲ್ಲವಲ್ಲ.

ಪದ್ಧತಿ ಬಿಟ್ಟವಳಲ್ಲ ಅವ್ವ. ಊಟ ಮುಗಿಸಿ, ಕೈ ತೊಳೆದು, ಒಲೆಯ ಮುಂದೆ ಕೂತು ಕೇಳಿದಳು:

"ಹುಣಸೀಹಣ್ಣು ಐತೇನು ಮನ್ಯಾಗ?"

"ಐತಿ. ಯಾಕ?"

"ಪರಾತ ಕಪ್ಪಿಟ್ಟೈತಿ. ಬೆಳಗಬೇಕು."

ಆ ವಾರವೆಲ್ಲ ಅವ್ವ ಪರಾತ ಬೆಳಗಿದಳು. ಹುಣಸೆ, ಬೂದಿ, ಮತ್ತೆ ಹುಣಸೆ. ನಾನು ಸಹಾಯಕ್ಕೆ ಹೋದರೆ ಕೈ ಬಡಿದಳು. ಫಕ್ಕೀರವ್ವ ಶಾಲೆಗೆ ಬಂದಳು. ಕಾಕಾ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಚೀಲದಲ್ಲಿರುತ್ತಿತ್ತು. ಮಂಗಳವಾರ ಇಮಾಂಹುಸೇನನ ಗೊಂಬೆ ಅವನ ಓಣಿಯಲ್ಲಿ ನಡೆಯಿತು. ಬುಧವಾರದ ಹುಡುಗ ಬಂದು ತಮ್ಮ ಓಣಿಯ ಗೊಂಬೆ ಎಲ್ಲಿ ಎಂದು ಕೇಳಿದ. ಫಕ್ಕೀರವ್ವ ಬಿಚ್ಚಿದ ವಿಷಯ ಹೇಳಿದಳು. ಅವನು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, ಹಾಗಾದರೆ ಅದು ಸತ್ತು ಹುಟ್ಟಿದೆ, ನಮ್ಮದಲ್ಲ ಎಂದು ಒಪ್ಪಿದ. ಮಕ್ಕಳ ನ್ಯಾಯ ದೊಡ್ಡವರದಕ್ಕಿಂತ ಬೇಗ ಮುಗಿಯುತ್ತದೆ.

ರವಿವಾರ ಬಂತು. ಅವ್ವ ಆರು ವರ್ಷದಿಂದ ನಿಚ್ಚಣಿಕೆ ಹತ್ತಿರಲಿಲ್ಲ. ಸಂಡಿಗೆಯ ಪರಾತವನ್ನು ಮೇಲೆ ಒಯ್ಯುವವಳು, ತೊಳೆದು ನಿಲ್ಲಿಸುವವಳು ಕೆಲಸದ ದ್ಯಾಮವ್ವ; ಅವ್ವ ಕೆಳಗಿನಿಂದಲೇ ಹುಕುಂ ಮಾಡುತ್ತಾಳೆ. ಅಂದು ಮಧ್ಯಾಹ್ನ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಹಿಂದೆ ನಿಂತರೆ, "ನೀ ಆ ಕಡೆ ಹೋಗು. ಇಲ್ಲೇನೈತಿ ನಿಂದು ಕೆಲಸ?" ಎಂದಳು. ಸಂದಿಗೆ ಓಡಿದೆ.

ಸಂದಿಯ ಹತ್ತೂ ಮನೆಯವರು ಬಾಗಿಲಲ್ಲಿದ್ದರು. ನನ್ನ ತರಗತಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಬಂದಿದ್ದರು, ಯಾರು ಹೇಳಿದರೋ. ಫಕ್ಕೀರವ್ವ ಗುಡಿಸಿದ ನೆಲದ ಮೇಲೆ ಕಾಕಾನನ್ನು ಇಟ್ಟು ಅಂಗೈ ಮುಚ್ಚಿ ಕೂತಿದ್ದಳು. ಮೇಲೆ ಅವ್ವನ ತಲೆ ಕಂಡಿತು, ಆಮೇಲೆ ಪರಾತ. ಬೆಳಕು ಗೋಡೆಯ ಮೇಲೆ ಬಿತ್ತು, ಜಾರಿತು, ನೆಲಕ್ಕೆ ಬಂತು, ಹುಡುಗಿಯ ಕೈಯ ಮೇಲೆ ನಿಂತಿತು.

ಪಕ್ಕದ ಮಾಳಿಗೆಯಿಂದ ಗುರಪ್ಪ ನೋಡುತ್ತಿದ್ದ. ನಮ್ಮ ಓಣಿಯ ಹಿರಿಯ, ಯಾವುದಕ್ಕೂ ಮೊದಲು ಬೇಡ ಎನ್ನುವವನು. "ಚೆನ್ನಬಸವ್ವ, ಇದೇನ ಹೊಸಾ ಪದ್ಧತಿ? ಅದು ಬಿಸಿಲಲ್ಲ, ಬಿಸಿಲಿನ ಎಂಜಲ. ಅದರಾಗ ನಡದ್ರೂ ಲೆಕ್ಕಕ್ಕಿಲ್ಲ," ಎಂದ.

ಸಂದಿಯವರು ನೆಲ ನೋಡಿದರು. ನನಗೆ ಸಿಟ್ಟು ಬಂತು, ಆದರೆ ಈ ಸಲ ನಾನು ಮಾತಾಡುವ ಮೊದಲೇ ಇಮಾಂಹುಸೇನ ಮಾತಾಡಿದ.

"ಗುರಪ್ಪಜ್ಜ, ಅದನ್ನ ಪಾಟೀನ ಹೇಳತೈತ್ರಿ. ಬಿಸಿಲಿದ್ರ ನಡೀತೈತಿ, ಇಲ್ಲಾಂದ್ರ ಇಲ್ಲ. ಪಾಟಿಗೆ ಯಾರ ಓಣಿ ಅಂತ ಗೊತ್ತಾಗಂಗಿಲ್ಲ."

ಫಕ್ಕೀರವ್ವ ಕೈ ತೆಗೆದಳು.

ಮೋಟಾರು ಗುಂಯ್ ಎಂದಿತು. ಕಾಲುಗಳು ನಡುಗಿದವು. ಏಳಲಿಲ್ಲ. ಪರಾತ ತಾನು ಪಡೆದದ್ದನ್ನೆಲ್ಲ ಕೊಡುವುದಿಲ್ಲ, ಅವ್ವನ ಕೈ ಬೇರೆ ನಡುಗುತ್ತಿತ್ತು, ಬೆಳಕು ಪಾಟಿಯ ಮೇಲೆ ನಿಲ್ಲದೆ ಅತ್ತಿತ್ತ ಓಡುತ್ತಿತ್ತು. ಇನ್ನೆರಡು ತಟ್ಟೆ ಬೇಕು ಎಂದು ನನಗೆ ತಿಳಿದಿತ್ತು. ಕೇಳುವಂತಿರಲಿಲ್ಲ. ಫಕ್ಕೀರವ್ವನೂ ಮೇಲೆ ನೋಡಲಿಲ್ಲ, ಕಾಕಾನ ಕಾಲುಗಳನ್ನೇ ನೋಡುತ್ತಿದ್ದಳು.

"ನೋಡಿದ್ರೇನು," ಎಂದ ಗುರಪ್ಪ.

ಆಗ ಅವ್ವ ಬಾಯಿ ತೆಗೆದಳು. "ಏ ಗುರಪ್ಪ, ಏನ ಮಿಕಿಮಿಕಿ ನೋಡ್ತಿ? ನಿನ್ನ ಪರಾತ ಏನ ಮಾಳಿಗಿಗೆ ಅಂಟಿಕೊಂಡೈತಿ? ನೀ ಹತ್ತು ತಿಂಗಳ ಕೂಸಿದ್ದಾಗ ಶನಿವಾರದ ಬಿಸಿಲಿಗೆ ಅಂಬೆಗಾಲಿಟ್ಟು ಹೊಂಟಿದ್ದಿ, ನಿನ್ನ ಎತ್ತಿ ತಂದಾಕಿ ನಾನ. ಇಲ್ಲಾಂದ್ರ ಇವತ್ತ ನೀ ಈ ಓಣಿ ಹಿರ್‍ಯಾನೂ ಅಲ್ಲ, ಪಿರ್‍ಯಾನೂ ಅಲ್ಲ."

ಅವ್ವ ಬಿಸಿಲು ಕೇಳಲಿಲ್ಲ, ಬೈದಳು. ಬೈಯಬಾರದು ಎಂದು ನಮ್ಮ ಹಿರಿಯರು ಎಲ್ಲೂ ಹೇಳಿಲ್ಲ. ಸಂದಿಯಲ್ಲಿ ಯಾರೋ ನಕ್ಕರು. ಗುರಪ್ಪ ಸ್ವಲ್ಪ ಹೊತ್ತು ನಿಂತ. ನಂತರ ತನ್ನ ಪರಾತದ ಹಪ್ಪಳಗಳನ್ನು ಒಂದೊಂದಾಗಿ ತೆಗೆದು ಪಂಚೆಯ ಮೇಲೆ ಹಾಕಿದ, ಅವಸರವೇನೂ ಇಲ್ಲ ಎಂಬಂತೆ. ಪರಾತ ಎತ್ತಿದ. ಎರಡನೆಯ ಬೆಳಕು ಬಂದು ಮೊದಲನೆಯದರ ಮೇಲೆ ಕೂತಿತು. ಆಚೆ ಮಾಳಿಗೆಯಿಂದ ಇನ್ನೊಂದು. ಇಮಾಂಹುಸೇನ ನಮ್ಮ ಮನೆಯ ನಿಚ್ಚಣಿಕೆ ಹತ್ತಿ ಅವ್ವನ ಪಕ್ಕದಲ್ಲಿ ಊಟದ ತಟ್ಟೆ ಹಿಡಿದು ನಿಂತ.

ಕಾಕಾ ಎದ್ದಿತು. ಒಂದು ಹೆಜ್ಜೆ, ಎರಡು, ಮೂರು. ಬೆಳಕು ಮುಂದೆ ಸರಿದರೆ ಅದೂ ಮುಂದೆ ಸರಿಯಿತು. ಹುಲುಗಪ್ಪನ ಬಾಗಿಲ ತನಕ ನೆಟ್ಟಗೆ ಹೋಗಿ ಹೊಸ್ತಿಲಿಗೆ ಮುಟ್ಟಿ ನಿಂತಿತು. ಗುರಪ್ಪ ಮೇಲಿನಿಂದ ಕೆಮ್ಮಿ, "ಬಿಸಿಲ ಐತಿ ಬಿಡು," ಎಂದ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ.

ಪರಾತ ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. ಅವ್ವ ಕೂಗಿದಳು: "ಏ ಹುಡುಗಿ, ಗೊಂಬಿ ನಡೀತು, ಚಲೋ ಆತು. ಇನ್ನ ನೀ ನಡಿ. ಲಗೂನ, ನನ್ನ ರಟ್ಟಿ ಸೋತಾವು."

ಫಕ್ಕೀರವ್ವ ನನ್ನ ಮುಖ ನೋಡಿದಳು. ಹನ್ನೊಂದು ವರ್ಷದ ಹುಡುಗಿ, ದಿನಾ ಶಾಲೆಗೆ ಓಡಿ ಬರುವವಳು. ನಾನು ತಲೆಯಾಡಿಸಿದೆ. ಅವಳು ಚಪ್ಪಲಿ ಬಿಟ್ಟಳು. ಬೆಳಕಿನ ಅಂಚಿಗೆ ಬಂದು, ಕಾಲೆತ್ತಿ, ಎಲ್ಲಿಡಬೇಕೆಂದು ಗೊತ್ತಾಗದವಳ ಹಾಗೆ ಕ್ಷಣ ನಿಂತು, ಆಮೇಲೆ ಇಟ್ಟಳು. ಹುಲುಗಪ್ಪ ಎರಡೂ ಕೈ ಮುಂದೆ ಚಾಚಿ ಕುಕ್ಕರಗಾಲಿನಲ್ಲಿ ಕೂತಿದ್ದ, ಬೀಳುವ ಕೂಸನ್ನು ಹಿಡಿಯುವವನ ಹಾಗೆ. ಅವಳು ಬೀಳಲಿಲ್ಲ. ನಾಲ್ಕು ಹೆಜ್ಜೆ ನಡೆದು ಅವನ ಕೈ ಮುಟ್ಟಿದಳು. ಮೇಲಿನಿಂದ ಏನೋ ಹಾರಿ ಬಂದು ಅವಳ ಹೆಗಲ ಮೇಲೆ ಬಿತ್ತು. ಹಸಿರು ಬಣ್ಣದ ಹೊಸ ಖಣ. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡೇ ನಿಚ್ಚಣಿಕೆ ಹತ್ತಿದ್ದಳು.

ಅಂದಿನಿಂದ ಸಂದಿಯಲ್ಲಿ ನಡೆಯಲು ಹೊರಟ ಕೂಸುಗಳನ್ನೂ ತಾಯಂದಿರು ರವಿವಾರದ ತನಕ ಸೊಂಟದಿಂದ ಇಳಿಸುವುದಿಲ್ಲ. ಅವಕ್ಕೂ ನನ್ನ ಹಾಗೆ ಸಿಟ್ಟು ಬರುತ್ತದೋ ಏನೋ, ನೋಡಬೇಕು.

ಸೋಮವಾರ ಹಾಜರಿ ಪುಸ್ತಕ ತೆಗೆದು ಫಕ್ಕೀರವ್ವನನ್ನು ಮೇಜಿನ ಹತ್ತಿರ ಕರೆದೆ. ಅಡ್ಡಗೆರೆಯನ್ನು ಅಳಿಸಿದೆ. ಕಾಗದ ತುಸು ಹರಿಯಿತು.

"ಏನಂತ ಬರೀಲಿ?"

"ರವಿವಾರ ಅಂತ ಬರೀರಿ."

ಬರೆದೆ. ಅವಳು ಬಗ್ಗಿ ಅಕ್ಷರ ಸರಿಯಿದೆಯೇ ಎಂದು ನೋಡಿದಳು. ಕಾಲು ಕೂರಿಸುವಾಗ ಅಳತೆ ನೋಡಿದ ಹಾಗೆ ನೋಡಿದಳು. ತೃಪ್ತಿಯಾಗಲಿಲ್ಲ.

"ಅದರ ಮುಂದ ಮಧ್ಯಾಹ್ನ ಅಂತ ಸೇರಸ್ರಿ ಅಕ್ಕೋರ. ಮುಂಜಾನೆ ಪರಾತದಾಗ ಅಜ್ಜಿ ಸಂಡಿಗಿ ಇರ್ತಾವ."